ಮೀಟರ್ ಹೇಳುವುದೊಂದು, ಗಾಡಿ ಓಡಿದ್ದೊಂದು: ಹಳೇ ಕಾರಿನ ನಿಜವಾದ ಕಿಲೋಮೀಟರ್ ಪತ್ತೆ ಹಚ್ಚುವ ಬಗೆ

ದೋಷ: ಸೆಕೆಂಡ್ ಹ್ಯಾಂಡ್ ಕಾರಿನ ಓಡೋಮೀಟರ್ ತೋರಿಸುವ ಕಿಲೋಮೀಟರಿಗೂ ಗಾಡಿಯ ಸ್ಥಿತಿಗೂ ತಾಳೆಯಾಗುತ್ತಿಲ್ಲ, ಅಥವಾ ತಾಳೆ ಆಗುತ್ತಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ.

ಬೇಕಾದದ್ದು: ಒಂದು ಹಾಳೆ, ಪೆನ್ನು, ಟಾರ್ಚು, ಇಂಟರ್ನೆಟ್ ಇರುವ ಮೊಬೈಲು. ಸಿಕ್ಕರೆ ಒಂದು ಬ್ಲೂಟೂತ್ ಓಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನಲ್ಲಿರುವ ಮಾಹಿತಿ ಓದುವ ಪುಟ್ಟ ಯಂತ್ರ). ಒಂದು ಬೆಳಗಿನ ಹೊತ್ತು ಪೂರ್ತಿ ಬಿಡುವು ಮಾಡಿಕೊಳ್ಳಿ. ಸಂಜೆ ಕತ್ತಲಲ್ಲಿ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಗಾಡಿ ನೋಡಲೇಬೇಡಿ.

ನಮ್ಮ ಭಾಗದಲ್ಲಿ ಈ ತಪಾಸಣೆ ಯಾಕೆ ಇಷ್ಟು ಮುಖ್ಯ ಅಂದರೆ, ಕಲಬುರಗಿ ಮಾರ್ಕೆಟ್ಟಿಗೆ ಬರುವ ಹಳೇ ಗಾಡಿಗಳಲ್ಲಿ ಹೊರಗಿನವು ಬಹಳ. ಹೈದರಾಬಾದ್ ಸುಮಾರು 220 ಕಿ.ಮೀ., ಸೊಲ್ಲಾಪುರ ಅದಕ್ಕಿಂತ ಹತ್ತಿರ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹೇರಿದ ಮೇಲೆ ಅಲ್ಲಿಯ ಗಾಡಿಗಳೂ ಎನ್‌ಒಸಿ (ಬೇರೆ ಕಡೆ ಒಯ್ಯಲು ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಹಿಡಿದುಕೊಂಡು ದಕ್ಷಿಣಕ್ಕೆ ಇಳಿದವು. ಊರಿನ ಗಾಡಿಯಾದರೆ ಯಾರ ಮನೆಯದು, ಎಲ್ಲಿ ಓಡುತ್ತಿತ್ತು ಅಂತ ನಾಲ್ಕು ಮಂದಿಯನ್ನು ಕೇಳಬಹುದು. ಹೊರಗಿನ ಗಾಡಿಗೆ ಮಾರುವವನ ಮಾತೇ ಇತಿಹಾಸ. ಆ ಮಾತು ಹೆಚ್ಚು ಕಡಿಮೆ ಹೀಗೇ ಇರುತ್ತದೆ: "ಡಾಕ್ಟರ್ ಸಾಹೇಬ್ರ ಗಾಡಿ ಅದರೀ. ಮನಿಯಿಂದ ದವಾಖಾನಿ, ದವಾಖಾನಿಯಿಂದ ಮನಿ, ಅಷ್ಟ ಓಡ್ಯಾದ." ಇಲ್ಲಿ ಮಾರಾಟಕ್ಕೆ ನಿಂತಿರುವ ಡಾಕ್ಟರ್ ಗಾಡಿಗಳನ್ನೆಲ್ಲ ಲೆಕ್ಕ ಹಾಕಿದರೆ ಇನ್ನೆರಡು ಮೆಡಿಕಲ್ ಕಾಲೇಜು ಬೇಕಾಗುತ್ತದೆ.

ಮೀಟರ್ ಹೇಗೆ ತಿರುಗಿಸುತ್ತಾರೆ

ಹಳೇ ಕೇಬಲ್ ಮೀಟರಿನ ಕಾಲದಲ್ಲಿ ಗೇರ್‌ಬಾಕ್ಸಿನಿಂದ ಬರುವ ಕೇಬಲ್ ಅಂಕಿಗಳ ಚಕ್ರವನ್ನು ತಿರುಗಿಸುತ್ತಿತ್ತು. ಅದನ್ನು ಬಿಚ್ಚಿ ಕೈಯಿಂದ ಹಿಂದೆ ತಂದರೆ ಅಂಕಿಗಳು ಒಂದೇ ಗೆರೆಯಲ್ಲಿ ನಿಲ್ಲುತ್ತಿರಲಿಲ್ಲ, ಒಂದು ಮೇಲೆ ಒಂದು ಕೆಳಗೆ ಕಾಣುತ್ತಿತ್ತು. ಕಣ್ಣಿಗೇ ಸಿಗುತ್ತಿತ್ತು.

ಈಗಿನ ಡಿಜಿಟಲ್ ಮೀಟರಿನಲ್ಲಿ ಆ ಸುಳಿವು ಇಲ್ಲ. ಓಡಿದ ಲೆಕ್ಕ ಮೀಟರಿನ ಒಳಗಿರುವ ಪುಟ್ಟ ಮೆಮೊರಿ ಚಿಪ್ಪಿನಲ್ಲಿ ಕೂತಿರುತ್ತದೆ. ಕೆಲವು ಗಾಡಿಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಿ ಚಿಪ್ಪಿಗೆ ಪ್ರೋಗ್ರಾಮರ್ ಹಚ್ಚಬೇಕು, ಕೆಲವಕ್ಕೆ ಸ್ಟೇರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ ಯಂತ್ರ ಸಿಕ್ಕಿಸಿದರೆ ಸಾಕು. ಕೆಲಸ ಬಲ್ಲವನಿಗೆ ಚಹಾ ಆರುವಷ್ಟರಲ್ಲಿ ಮುಗಿಯುತ್ತದೆ. ಅಂಕಿ ಅಚ್ಚುಕಟ್ಟಾಗಿ ಕಾಣುತ್ತದೆ, ಗಾಡಿಯೂ ಯಾವ ತಕರಾರು ತೆಗೆಯುವುದಿಲ್ಲ.

ಆದ್ದರಿಂದ ಮೀಟರನ್ನು ದಿಟ್ಟಿಸಿ ನೋಡಿ ಪ್ರಯೋಜನವಿಲ್ಲ. ಮೀಟರಿನ ಹೊರಗೆ, ಬೇರೆಯವರ ಕೈಯಲ್ಲಿ, ತಾರೀಖಿನ ಜೊತೆ ಬರೆದಿಟ್ಟ ಹಳೇ ರೀಡಿಂಗ್ ಹುಡುಕಬೇಕು. ಇಡೀ ತಪಾಸಣೆಯಲ್ಲಿ ತೂಕದ ಕೆಲಸ ಅದೇ. ಪೆಡಲ್ ಸವೆದಿದೆ, ಸೀಟು ಹರಿದಿದೆ ಅನ್ನುವುದು ಅನುಮಾನ ಹುಟ್ಟಿಸುತ್ತದೆ. ತಾರೀಖು ಇರುವ ಒಂದು ಚೀಟಿ ತೀರ್ಪನ್ನೇ ಕೊಡುತ್ತದೆ.

ಮೊದಲ ಹಂತ: ಗಾಡಿ ನೋಡುವ ಮೊದಲು ನಂಬರ್ ನೋಡಿ

ಗಾಡಿ ನಂಬರ್ ತರಿಸಿಕೊಂಡು ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿ. ಅಲ್ಲಿ ಕಿಲೋಮೀಟರ್ ಸಿಗುವುದಿಲ್ಲ. ಆದರೆ ನೋಂದಣಿ ತಾರೀಖು, ಎಷ್ಟನೇ ಮಾಲೀಕ, ಯಾವ ಇಂಧನ, ವಾಹನದ ವರ್ಗ, ಸಾಲ ಇದೆಯೋ ಇಲ್ಲವೋ ಇವೆಲ್ಲ ಸಿಗುತ್ತವೆ. ಇದರಿಂದ "ಎಷ್ಟು ಓಡಿರಬೇಕು" ಅನ್ನುವ ಅಂದಾಜು ಹುಟ್ಟುತ್ತದೆ.

ನಾನು ಹಿಡಿಯುವ ಅಂದಾಜು ಇದು: ಊರಲ್ಲೇ ಓಡಾಡುವ ಮನೆಯ ಪೆಟ್ರೋಲ್ ಕಾರು ವರ್ಷಕ್ಕೆ 8ರಿಂದ 12 ಸಾವಿರ. ಡೀಸೆಲ್ ಆದರೆ 15ರಿಂದ 25 ಸಾವಿರ, ಯಾಕೆಂದರೆ ಓಡಿಸುವುದಿಲ್ಲ ಅನ್ನುವವರು ಹೆಚ್ಚಿಗೆ ರೊಕ್ಕ ಕೊಟ್ಟು ಡೀಸೆಲ್ ತೆಗೆದುಕೊಳ್ಳುವುದಿಲ್ಲ. ಪೆಟ್ರೋಲ್ ಗಾಡಿಗೆ ಆಮೇಲೆ ಸಿಎನ್‌ಜಿ ಕಿಟ್ ಕೂರಿಸಿದ್ದರೆ ಅದೂ ಡೀಸೆಲ್ ಲೆಕ್ಕಕ್ಕೇ ಸೇರಿತು. ಏಳು ವರ್ಷದ ಡೀಸೆಲ್ ಗಾಡಿಯ ಮೀಟರಿನಲ್ಲಿ 48,000 ಅಂತ ಇದ್ದರೆ ಅದು ಸುಳ್ಳೇ ಆಗಬೇಕಿಲ್ಲ, ಆದರೆ ಅದನ್ನು ಸಾಬೀತು ಮಾಡುವ ಭಾರ ಮಾರುವವನ ಮೇಲಿದೆ.

ನಂಬರ್ ಪ್ಲೇಟ್ ಕೂಡ ಮಾತಾಡುತ್ತದೆ. ಕೆಎ-32 ಕಲಬುರಗಿ, ಕೆಎ-33 ಯಾದಗಿರಿ, ಕೆಎ-38 ಬೀದರ್. ಎಂಎಚ್-13 ಸೊಲ್ಲಾಪುರ, ಎಂಎಚ್-24 ಲಾತೂರು. ತೆಲಂಗಾಣದ್ದು ಟಿಎಸ್ ಇತ್ತು, 2024ರ ಮಾರ್ಚಿನಿಂದ ಹೊಸ ಗಾಡಿಗಳಿಗೆ ಟಿಜಿ. ಕೆಎ-32 ಕಂಡ ಕೂಡಲೇ "ನಮ್ಮ ಊರ ಗಾಡಿ" ಅಂತ ಸಮಾಧಾನ ಪಡಬೇಡಿ. 2015ರ ಮಾಡೆಲ್ ಗಾಡಿಗೆ ಮೊನ್ನೆ ಮೊನ್ನೆಯ ಸೀರೀಸಿನ ನಂಬರ್ ಇದ್ದರೆ, ಅದು ಬೇರೆ ರಾಜ್ಯದಿಂದ ಬಂದು ಇಲ್ಲಿ ಮರುನೋಂದಣಿ ಆದದ್ದು. ಅಂಥ ಗಾಡಿಯ ಬಾಗಿಲ ಗಾಜುಗಳ ಮೂಲೆಗೆ ಟಾರ್ಚ್ ಹಿಡಿದು ನೋಡಿ. ಹೊಸ ಗಾಡಿ ಕೊಡುವಾಗ ಗಾಜಿನ ಮೇಲೆ ನಂಬರ್ ಕೊರೆಯುವ ರೂಢಿ ಹಲವು ಕಡೆ ಇದೆ. ಪ್ಲೇಟಿನ ಮೇಲೆ ಕೆಎ, ಗಾಜಿನ ಮೇಲೆ ಡಿಎಲ್ ಅಥವಾ ಟಿಎಸ್ ಇದ್ದರೆ ಗಾಡಿಯ ಹಳೇ ನಂಬರ್ ಕೈಗೆ ಸಿಕ್ಕಿತು. ಆ ಹಳೇ ನಂಬರಿನ ಮೇಲೆಯೇ ಗಾಡಿಯ ಹಿಂದಿನ ದಾಖಲೆಗಳೆಲ್ಲ ಇರುತ್ತವೆ.

ಎರಡನೇ ಹಂತ: ತಾರೀಖು ಇರುವ ರೀಡಿಂಗ್ ಕೂಡಿಸುವುದು

ಹಾಳೆಯಲ್ಲಿ ಎರಡು ಕಾಲಂ ಮಾಡಿ, ಎಡಕ್ಕೆ ತಾರೀಖು, ಬಲಕ್ಕೆ ಕಿಲೋಮೀಟರ್. ಎಲ್ಲಿಂದ ಸಿಕ್ಕರೂ ಅಲ್ಲಿ ಬರೆಯುತ್ತಾ ಹೋಗಿ.

ಎಲ್ಲಕ್ಕಿಂತ ಗಟ್ಟಿ ಮೂಲ ಕಂಪನಿಯ ಸರ್ವಿಸ್ ಸೆಂಟರ್. ಗಾಡಿ ಒಳಗೆ ಬಂದಾಗಲೆಲ್ಲ ಜಾಬ್ ಕಾರ್ಡಿನಲ್ಲಿ ರೀಡಿಂಗ್ ಬರೆಯುತ್ತಾರೆ, ಅದು ಕಂಪ್ಯೂಟರಿಗೆ ಹೋಗುತ್ತದೆ. ದೊಡ್ಡ ಕಂಪನಿಗಳ ದಾಖಲೆ ಬೇರೆ ಊರಿನ ಸೆಂಟರಿನಲ್ಲೂ ತೆರೆಯುತ್ತದೆ. ಹೈದರಾಬಾದಿನಲ್ಲಿ ಆದ ಸರ್ವಿಸನ್ನು ಕಲಬುರಗಿಯಲ್ಲಿ ನೋಡಬಹುದು. ನಂಬರ್ ಬದಲಾಗಿದ್ದರೆ ಚಾಸಿ ನಂಬರ್ ಕೊಟ್ಟು ಹುಡುಕಿಸಿ, ಅದು ಬದಲಾಗುವಂಥದ್ದಲ್ಲ. ಆದರೆ ಅಪರಿಚಿತರು ಕೇಳಿದರೆ ಕೊಡುವುದಿಲ್ಲ, ಮಾಲೀಕ ಜೊತೆಗಿರಬೇಕು, ಇಲ್ಲವೇ ಆತನ ಮೊಬೈಲಿನ ಕಂಪನಿ ಆ್ಯಪಿನಲ್ಲಿ ತೆಗೆದು ತೋರಿಸಬೇಕು. ಹಾಗಾಗಿ ಮಾರುವವನಿಗೆ ನೇರವಾಗಿ ಹೇಳಿ: "ಅಣ್ಣಾರ, ಸರ್ವಿಸ್ ರೆಕಾರ್ಡ್ ತಗಸಿ ಕೊಡ್ರಿ, ಅದು ನೋಡೇ ರೊಕ್ಕದ ಮಾತಾಡೋಣು."

ಇದಕ್ಕೆ ಬರುವ ಉತ್ತರವೇ ಒಂದು ಪರೀಕ್ಷೆ. "ನಡೀರಿ, ನಾಳಿ ಮುಂಜಾನಿ ಹೋಗಿ ತಗಸೋಣು" ಅಂದರೆ ಒಳ್ಳೆಯ ಲಕ್ಷಣ. "ಸರ್ವಿಸ್ ಎಲ್ಲಾ ಹೊರಗ ಮಾಡಿಸ್ಯಾರ್ರಿ" ಅಂದರೆ ಅದೂ ನಿಜವಿರಬಹುದು, ವಾರಂಟಿ ಮುಗಿದ ಮೇಲೆ ಬಹಳ ಮಂದಿ ತಮ್ಮ ನಂಬಿಕೆಯ ಮಿಸ್ತ್ರಿಯ ಹತ್ತಿರವೇ ಹೋಗುತ್ತಾರೆ. ಆದರೆ ಉಚಿತ ಸರ್ವಿಸ್ ಮಾಡಿಸಿದ ಮೊದಲ ಒಂದೆರಡು ವರ್ಷದ ದಾಖಲೆಯಾದರೂ ಕಂಪನಿಯಲ್ಲಿ ಇದ್ದೇ ಇರುತ್ತದೆ. ಅಷ್ಟು ಸಿಕ್ಕರೂ ಗಾಡಿ ತಿಂಗಳಿಗೆ ಎಷ್ಟು ಓಡುತ್ತಿತ್ತು ಅನ್ನುವ ವೇಗ ಗೊತ್ತಾಗುತ್ತದೆ. ಅದೂ ಬೇಡ ಅಂದರೆ ಗಾಡಿಯೇ ಬೇಡ ಅನ್ನಿ.

ಇನ್ನು ಸಣ್ಣಪುಟ್ಟ ಮೂಲಗಳು. ಮಾರುವವರು ಮೀಟರ್ ತಿರುಗಿಸುತ್ತಾರೆ, ಸರ್ವಿಸ್ ಬುಕ್ ಹರಿದು ಹಾಕುತ್ತಾರೆ, ಆದರೆ ಗ್ಲೋವ್ ಬಾಕ್ಸಿನ ತಳದ ಚೀಟಿಗಳನ್ನು ಮರೆಯುತ್ತಾರೆ. ವೀಲ್ ಅಲೈನ್‌ಮೆಂಟ್ ಮಾಡಿಸಿದಾಗ ಕೊಡುವ ಪ್ರಿಂಟಿನಲ್ಲಿ ಗಾಡಿ ನಂಬರ್, ತಾರೀಖು, ಎಷ್ಟೋ ಸಲ ಕಿಲೋಮೀಟರ್ ಇರುತ್ತದೆ. ಟೈರ್ ಅಂಗಡಿಯ ಬಿಲ್, ಬ್ಯಾಟರಿ ವಾರಂಟಿ ಕಾರ್ಡ್, ಆಯಿಲ್ ಬದಲಿಸಿದಾಗ ಮುಂದಿನ ಸರ್ವಿಸ್ ಎಷ್ಟಕ್ಕೆ ಅಂತ ಬರೆದು ಬಾನೆಟ್ ಒಳಗೋ ಬಾಗಿಲ ಕಂಬಕ್ಕೋ ಅಂಟಿಸಿದ ಸ್ಟಿಕ್ಕರ್, ಎಲ್ಲ ನೋಡಿ. ಸ್ಟಿಕ್ಕರ್ ಕಿತ್ತ ಗುರುತು, ಅಂಟು ಮಾತ್ರ ಉಳಿದಿದ್ದರೆ ಅದನ್ನೂ ಹಾಳೆಯಲ್ಲಿ ಬರೆಯಿರಿ. ಸೀಟಿನ ಕೆಳಗೆ, ಸ್ಟೆಪ್ನಿಯ ಗುಂಡಿಯಲ್ಲಿ, ಸನ್ ವೈಸರಿನ ಹಿಂದೆ ಕೈ ಹಾಕಿ.

ಗಾಡಿ ಗುದ್ದಿಸಿ ಇನ್ಶೂರೆನ್ಸ್ ಕ್ಲೇಮ್ ಮಾಡಿದ್ದರೆ ಸರ್ವೇಯರ್ ವರದಿಯಲ್ಲಿ ರೀಡಿಂಗ್ ಇರುತ್ತದೆ. ಪಾಲಿಸಿ ತಪ್ಪಿಹೋಗಿ ಮತ್ತೆ ಮಾಡಿಸಿದ್ದರೆ ಗಾಡಿಯ ಫೋಟೋ ತೆಗೆಯುವಾಗ ಮೀಟರಿನ ಫೋಟೋವನ್ನೂ ತೆಗೆದಿರುತ್ತಾರೆ. ಹಿಂದೆ ಅದೇ ಗಾಡಿಯನ್ನು ಯಾರಾದರೂ ಆನ್‌ಲೈನಿನಲ್ಲಿ ಮಾರಲು ಹಾಕಿದ್ದರೆ ಆ ಹಳೇ ಜಾಹೀರಾತಿನಲ್ಲಿ ಕಿಲೋಮೀಟರ್ ಬರೆದಿರುತ್ತಾರೆ. ನಂಬರ್ ಹಾಕಿ ಹುಡುಕಿ ನೋಡುವುದಕ್ಕೆ ಖರ್ಚೇನೂ ಇಲ್ಲ.

ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ಬಗ್ಗೆ ಹೆಚ್ಚಿನವರು ಯೋಚಿಸುವುದಿಲ್ಲ. 2021ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಯ ಎಲ್ಲ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿದೆ. ಯಾವ ದಿನ ಯಾವ ಟೋಲ್ ದಾಟಿದೆ ಅನ್ನುವುದು ಮಾಲೀಕನ ಬ್ಯಾಂಕ್ ಆ್ಯಪಿನಲ್ಲಿ ಸಾಲಾಗಿ ಬರುತ್ತದೆ. ತಿಂಗಳಿಗೆ ನಾಲ್ಕು ಸಲ ಕಲಬುರಗಿಯಿಂದ ಹೈದರಾಬಾದಿಗೆ ಹೋಗಿ ಬಂದ ಗುರುತು ಇದ್ದರೆ, ಹೋಗಿ ಬರುವುದಕ್ಕೆ 440 ಕಿ.ಮೀ. ಲೆಕ್ಕದಲ್ಲಿ ತಿಂಗಳಿಗೆ 1,760, ವರ್ಷಕ್ಕೆ 21 ಸಾವಿರ ಹೆದ್ದಾರಿಯಲ್ಲೇ ಆಯಿತು. ಮೀಟರ್ ಮಾತ್ರ ವರ್ಷಕ್ಕೆ 8 ಸಾವಿರದಂತೆ ತೋರಿಸುತ್ತಿದ್ದರೆ ಉಳಿದ ಓಟ ಎಲ್ಲಿ ಹೋಯಿತು ಅಂತ ಕೇಳಬಹುದು. ಬೇರೆಯವರ ಬ್ಯಾಂಕಿನ ವಿವರ ಕೇಳುವುದು ಸಂಕೋಚದ ವಿಷಯವೇ. ಪ್ರತಿ ಕೇಸಿನಲ್ಲೂ ಕೇಳಬೇಕಿಲ್ಲ, ಬೇರೆ ಯಾವ ದಾಖಲೆಯೂ ಸಿಗದಿದ್ದಾಗ ಕೇಳಿ.

ಹಾಳೆ ಓದುವುದು ಹೇಗೆ

2016ರ ಜೂನ್‌ನಲ್ಲಿ ನೋಂದಣಿಯಾದ ಒಂದು ಡೀಸೆಲ್ ಸೆಡಾನ್ ಹಿಡಿಯೋಣ. ಈಗ ಮೀಟರಿನಲ್ಲಿ 74,300. ಹಾಳೆಯಲ್ಲಿ ಇಷ್ಟು ಸಿಕ್ಕಿದೆ ಅಂದುಕೊಳ್ಳಿ:

2017 ಆಗಸ್ಟ್, ಕಂಪನಿ ಸರ್ವಿಸ್: 22,600
2018 ನವೆಂಬರ್, ಕಂಪನಿ ಸರ್ವಿಸ್: 51,900
2020 ಫೆಬ್ರವರಿ, ಅಲೈನ್‌ಮೆಂಟ್ ಚೀಟಿ: 83,400
2022 ಮಾರ್ಚ್, ಆಯಿಲ್ ಸ್ಟಿಕ್ಕರ್ (ಬದಲಿಸಿದ ದಿನದ ರೀಡಿಂಗ್): 58,200

ಮೊದಲ ಮೂರು ಸಾಲು ಒಂದೇ ಹದದಲ್ಲಿ ಏರುತ್ತಿವೆ. 2017ರಿಂದ 2018ಕ್ಕೆ 15 ತಿಂಗಳಲ್ಲಿ 29,300, ಅಂದರೆ ತಿಂಗಳಿಗೆ ಸುಮಾರು 1,950. ಅಲ್ಲಿಂದ 2020ಕ್ಕೆ ಮತ್ತೆ 15 ತಿಂಗಳಲ್ಲಿ 31,500, ತಿಂಗಳಿಗೆ 2,100. ನಾಲ್ಕನೇ ಸಾಲಿನಲ್ಲಿ ಅಂಕಿ ಕೆಳಗೆ ಬಿತ್ತು. ಓಡೋಮೀಟರ್ ತಾನಾಗಿ ಇಳಿಯುವುದಿಲ್ಲ, 2020ರ ಫೆಬ್ರವರಿ ಮತ್ತು 2022ರ ಮಾರ್ಚ್ ನಡುವೆ ಯಾರದೋ ಕೈ ಬಿದ್ದಿದೆ.

ಈಗ ನಿಜವಾದ ಓಟ ಎಷ್ಟು? ಸಾಬೀತು ಮಾಡಬಹುದಾದ ಕನಿಷ್ಠ ಲೆಕ್ಕ ಮೊದಲು: 83,400ಕ್ಕೆ ಸ್ಟಿಕ್ಕರ್ ನಂತರ ಓಡಿದ 16,100 ಕೂಡಿಸಿದರೆ 99,500. ಇದಕ್ಕಿಂತ ಕಡಿಮೆ ಇರಲು ಸಾಧ್ಯವೇ ಇಲ್ಲ. ಇನ್ನು ಸಂಭವನೀಯ ಲೆಕ್ಕ: ನಡುವಿನ 25 ತಿಂಗಳೂ ಅದೇ ಹದದಲ್ಲಿ ಓಡಿದ್ದರೆ ಇನ್ನೊಂದು 50 ಸಾವಿರ ಸೇರಿ ಒಂದೂವರೆ ಲಕ್ಷದ ಹತ್ತಿರ. ಲಾಕ್‌ಡೌನಿನ ತಿಂಗಳುಗಳನ್ನು ಬಿಟ್ಟರೆ 1.3 ಲಕ್ಷದ ಆಸುಪಾಸು. ಮಾರುವವನ ಮುಂದೆ ಕನಿಷ್ಠ ಲೆಕ್ಕ ಇಡಿ, ನಿಮ್ಮ ಬೆಲೆಯನ್ನು ಸಂಭವನೀಯ ಲೆಕ್ಕದ ಮೇಲೆ ಕಟ್ಟಿ.

ಅಂಕಿ ಎಲ್ಲೂ ಕೆಳಗೆ ಬೀಳದೆ, ಒಂದು ಕಡೆ ಮಾತ್ರ ಏರುವುದು ನಿಂತಂತಿದ್ದರೆ ಅದು ಬೇರೆ ರೋಗ. ಮೂರು ವರ್ಷ ತಿಂಗಳಿಗೆ 2,000 ಓಡಿದ ಗಾಡಿ ಆಮೇಲೆ ಇದ್ದಕ್ಕಿದ್ದಂತೆ ತಿಂಗಳಿಗೆ 150 ಓಡಿದೆ ಅಂದರೆ, ಮಾಲೀಕ ಬದಲಾದನೇ, ಗಾಡಿ ಕೋರ್ಟು ಕೇಸಿನಲ್ಲಿ ನಿಂತಿತ್ತೇ ಅಂತ ವಿಚಾರಿಸಿ. ಎರಡೂ ಅಲ್ಲದಿದ್ದರೆ ಮೀಟರಿಗೆ ಲೆಕ್ಕ ಹೋಗದಂತೆ ತಪ್ಪಿಸಿ ಓಡಿಸಿರುವ ಸಾಧ್ಯತೆ ಇದೆ. ಅದಕ್ಕೆ ಐದನೇ ಹಂತದಲ್ಲಿ ಪರೀಕ್ಷೆ ಇದೆ.

ಮೂರನೇ ಹಂತ: ಗಾಡಿಯ ಮೈ ನೋಡುವುದು

ಇಲ್ಲಿ ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ಊರ ಹೊರಗೆ ಬರೆದ ಪಟ್ಟಿಗಳಲ್ಲಿ "ಸ್ಟೇರಿಂಗ್ ಸವೆದಿದೆಯೇ, ಡ್ಯಾಶ್‌ಬೋರ್ಡ್ ಬಿರಿದಿದೆಯೇ" ಅಂತ ಇರುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಬಿಸಿಲಿಗೆ ನೆರಳಿಲ್ಲದೆ ನಿಂತ ಗಾಡಿ 30 ಸಾವಿರ ಓಡಿದ್ದರೂ ಸ್ಟೇರಿಂಗ್ ಅಂಟಂಟಾಗುತ್ತದೆ, ಹೆಡ್‌ಲೈಟ್ ಹಳದಿಯಾಗುತ್ತದೆ, ಬಾಗಿಲ ರಬ್ಬರ್ ಬಿರಿಯುತ್ತದೆ. ವಾಡಿ, ಶಹಾಬಾದ್, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಯ ಧೂಳಿನಲ್ಲಿ ನಿಂತ ಗಾಡಿ ವಯಸ್ಸಿಗಿಂತ ಹಳತಾಗಿ ಕಾಣುತ್ತದೆ. ಬಿಸಿಲು, ಧೂಳು ಮಾಡಿದ ಕೆಲಸವನ್ನು ಓಟದ ಲೆಕ್ಕಕ್ಕೆ ಹಾಕಬೇಡಿ. ಕೈ ಕಾಲು ತಾಕಿ ಸವೆದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಾಗಾದರೆ ಪೆಡಲಿನಿಂದ ಶುರು ಮಾಡಿ. ಕ್ಲಚ್ ಮತ್ತು ಬ್ರೇಕ್ ಪೆಡಲಿನ ರಬ್ಬರಿನ ಗೆರೆಗಳು ಅಂಚಿನಲ್ಲಿ ನುಣ್ಣಗಾಗಿವೆಯೇ? 40 ಸಾವಿರದ ಗಾಡಿಯಲ್ಲಿ ಗೆರೆ ಸ್ಪಷ್ಟವಾಗಿ ಇರಬೇಕು. ಮೂರರಲ್ಲಿ ಎರಡು ಪೆಡಲಿನ ರಬ್ಬರ್ ಹೊಚ್ಚ ಹೊಸದಾಗಿ, ಆಕ್ಸಿಲರೇಟರ್ ಮಾತ್ರ ಸವೆದು ಹೊಳೆಯುತ್ತಿದ್ದರೆ ಅದು ಸವೆತಕ್ಕಿಂತ ಕೆಟ್ಟ ಸುಳಿವು. ರಬ್ಬರ್ ಅಗ್ಗಕ್ಕೆ ಸಿಗುತ್ತದೆ, ಪೆಡಲಿನ ಮೇಲೆ ಎಳೆದು ಹಾಕಿದರೆ ಆಯಿತು. ಆಕ್ಸಿಲರೇಟರ್ ಬದಲಿಸುವುದು ಅಷ್ಟು ಸುಲಭವಲ್ಲ.

ಡ್ರೈವರ್ ಸೀಟಿಗೆ ಇಲ್ಲಿ ಎಲ್ಲರೂ ರೆಕ್ಸಿನ್ ಕವರ್ ಹಾಕಿಸುತ್ತಾರೆ, ಮೇಲಿಂದ ಏನೂ ಗೊತ್ತಾಗುವುದಿಲ್ಲ. ಕವರ್ ಸ್ವಲ್ಪ ಎತ್ತಿ ಬಾಗಿಲ ಬದಿಯ ಉಬ್ಬನ್ನು ಒತ್ತಿ ನೋಡಿ. ಇಳಿಯುವಾಗ ಹತ್ತುವಾಗ ಮೈಯ ಭಾರ ಬೀಳುವುದು ಅಲ್ಲಿಯೇ. ಒಳಗಿನ ಫೋಮ್ ಕುಸಿದು, ಎಡ ಸೀಟಿನ ಅದೇ ಜಾಗ ಗಟ್ಟಿಯಾಗಿದ್ದರೆ ಡ್ರೈವರ್ ಬಹಳ ಸಲ ಹತ್ತಿ ಇಳಿದಿದ್ದಾನೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ದಿನಾ ಎಳೆಯುವ ಭಾಗ ನವಿರು ಕಿತ್ತು ಮಾಸಿರುತ್ತದೆ, ಒಳಗೆ ಸುತ್ತಿದ ಭಾಗ ಹೊಸದರಂತೆ ಇರುತ್ತದೆ. ವ್ಯತ್ಯಾಸ ಎಷ್ಟು ಎದ್ದು ಕಾಣುತ್ತದೋ ಬಳಕೆ ಅಷ್ಟು ಹೆಚ್ಚು. ಬೆಲ್ಟಿನ ಬುಡದ ಚೀಟಿಯಲ್ಲಿ ತಯಾರಾದ ವರ್ಷ ಇದ್ದರೆ ಗಾಡಿಯ ವರ್ಷಕ್ಕೆ ತಾಳೆ ನೋಡಿ.

ಟೈರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕಾರಿನ ಟೈರು ಸಾಮಾನ್ಯವಾಗಿ 40ರಿಂದ 50 ಸಾವಿರ ಕಿ.ಮೀ. ಬರುತ್ತದೆ. ಮೀಟರಿನಲ್ಲಿ 28 ಸಾವಿರ, ಗಾಡಿ 2019ರದ್ದು, ನಾಲ್ಕೂ ಟೈರು 2023ರದ್ದು ಅಂತಿದ್ದರೆ ಮೊದಲ ಸೆಟ್ ಯಾಕೆ ಹೋಯಿತು ಅಂತ ಕೇಳಿ. "ಬಿಸಿಲಿಗೆ ಬಿರಿದಿದ್ದವ್ರಿ" ಅನ್ನುವ ಉತ್ತರ ನಮ್ಮ ಕಡೆ ನಿಜವೂ ಆಗಬಹುದು, ಹಾಗಾಗಿ ಸ್ಟೆಪ್ನಿ ತೆಗೆಸಿ ನೋಡಿ. ಗಾಡಿಯ ಜೊತೆ ಬಂದ ಸ್ಟೆಪ್ನಿ ಬಳಸದೇ ಹಾಗೇ ಇದ್ದರೆ ಒಂದು ಕಥೆ, ಅದೂ ನುಣ್ಣಗೆ ಸವೆದಿದ್ದರೆ ಇನ್ನೊಂದು. ಅಲಾಯ್ ಚಕ್ರದ ಸಂದಿಯಿಂದ ಮುಂದಿನ ಬ್ರೇಕ್ ಡಿಸ್ಕಿನ ಹೊರ ಅಂಚಿಗೆ ಬೆರಳು ಹಾಯಿಸಿ, ತಣ್ಣಗಾದ ಮೇಲೆ. ಉಗುರಿಗೆ ಎತ್ತರದ ದಂಡೆ ಸಿಕ್ಕಿದರೆ ಡಿಸ್ಕ್ ಸಾಕಷ್ಟು ಸವೆದಿದೆ.

ಮುಂದಿನ ಗಾಜನ್ನು ಬೆಳಗಿನ ಬಿಸಿಲಿಗೆ ಎದುರು ಹಿಡಿದು ಒಳಗಿನಿಂದ ನೋಡಿ. ಹೆದ್ದಾರಿಯಲ್ಲಿ ಲಾರಿ ಹಿಂದೆ ಓಡಿದ ಗಾಡಿಯ ಗಾಜಿನಲ್ಲಿ ಸೂಜಿಮೊನೆಯಷ್ಟು ಚುಕ್ಕೆಗಳು ತುಂಬಿ ಮಿನುಗುತ್ತವೆ. ಮನೆ-ದವಾಖಾನಿ ಗಾಡಿಯಲ್ಲಿ ಅಷ್ಟು ಚುಕ್ಕೆ ಬರುವುದಿಲ್ಲ.

ಎಂಜಿನ್ ಸದ್ದು, ಹೊಗೆ, ಬ್ಯಾಕ್ ಕಂಪ್ರೆಷನ್ (ಆಯಿಲ್ ಮುಚ್ಚಳ ತೆಗೆದರೆ ಒಳಗಿಂದ ನುಗ್ಗುವ ಗಾಳಿ) ಇವೆಲ್ಲ ಎಂಜಿನಿನ ಆರೋಗ್ಯ ಹೇಳುತ್ತವೆ, ಕಿಲೋಮೀಟರ್ ಹೇಳುವುದಿಲ್ಲ. ಆಯಿಲ್ ಸರಿಯಾಗಿ ಬದಲಿಸಿದ ಎರಡು ಲಕ್ಷದ ಎಂಜಿನ್ ಮೌನವಾಗಿ ಓಡುತ್ತದೆ. ಬದಲಿಸದ 60 ಸಾವಿರದ್ದು ಗಡಗಡ ಅನ್ನುತ್ತದೆ. ಮಿಸ್ತ್ರಿ ಅದನ್ನು ನೋಡಲಿ, ಆದರೆ ಈ ಹಾಳೆಗೆ ಸೇರಿಸಬೇಡಿ.

ಹಳದಿ ಬೋರ್ಡಿನ ಗುರುತು

ಟ್ಯಾಕ್ಸಿ ಓಡಿಸಿ ಆಮೇಲೆ ಬಿಳಿ ಬೋರ್ಡಿಗೆ ಬದಲಿಸಿದ ಗಾಡಿಯೇ ಹೆಚ್ಚು ಮೋಸ ಮಾಡುವುದು, ಯಾಕೆಂದರೆ ಅದರ ಓಟ ಮನೆ ಗಾಡಿಯ ಹಲವು ಪಟ್ಟು. ಆರ್‌ಸಿ ಇತಿಹಾಸದಲ್ಲಿ ವರ್ಗ ಬದಲಾದದ್ದು ಇರುತ್ತದೆ, ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ. ಗಾಡಿಯಲ್ಲೂ ಕುರುಹು ಉಳಿದಿರುತ್ತದೆ: ಮೇಲ್ಛಾವಣಿಯ ಮೇಲೆ ಕ್ಯಾರಿಯರ್ ಕೂರಿಸಿದ ಗೀರು, ಹಿಂದಿನ ಬಾಗಿಲ ಒಳಗೆ ಫೋನ್ ನಂಬರ್ ಸ್ಟಿಕ್ಕರ್ ಕಿತ್ತ ಚೌಕ, ಡ್ಯಾಶ್‌ಬೋರ್ಡಿನ ಮೇಲೆ ಮೊಬೈಲ್ ಹೋಲ್ಡರ್ ಅಂಟಿದ್ದ ಕಲೆ, ಹಿಂದಿನ ಸೀಟೂ ಮುಂದಿನಷ್ಟೇ ಸವೆದಿರುವುದು. ಮನೆ ಗಾಡಿಯ ಹಿಂದಿನ ಸೀಟು ಅಷ್ಟು ಸವೆಯುವುದಿಲ್ಲ. ಟ್ಯಾಕ್ಸಿಗೆಂದೇ ಮಾರುವ ಮಾಡೆಲ್‌ಗಳಲ್ಲಿ 80 ಕಿ.ಮೀ. ವೇಗದ ಮಿತಿ ಇರುತ್ತದೆ. ಹೆದ್ದಾರಿಯಲ್ಲಿ 80ಕ್ಕೆ ಗಾಡಿ ಮುಂದೆ ಹೋಗಲು ಒಪ್ಪದಿದ್ದರೆ ಅದು ಎಂಜಿನ್ ದೋಷ ಅಂತ ತಿಳಿಯಬೇಡಿ.

ನಾಲ್ಕನೇ ಹಂತ: ಸ್ಕ್ಯಾನರ್

ಭಾರತದಲ್ಲಿ 2013ರ ಏಪ್ರಿಲ್‌ನಿಂದ ಕಾರುಗಳಿಗೆ ಓಬಿಡಿ-2 ಬಂತು. ಅದಕ್ಕಿಂತ ಹಳೆಯದಾದರೆ ಅಗ್ಗದ ಸ್ಕ್ಯಾನರ್ ಮಾತಾಡದೇ ಇರಬಹುದು. ಇಎಲ್‌ಎಂ 327 ಮಾದರಿಯ ಬ್ಲೂಟೂತ್ ಸ್ಕ್ಯಾನರನ್ನು ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಪೋರ್ಟಿಗೆ ಸಿಕ್ಕಿಸಿ ಮೊಬೈಲ್ ಆ್ಯಪ್ ತೆರೆಯಿರಿ.

ಹುಡುಕಬೇಕಾದದ್ದು "ಕೋಡ್ ಅಳಿಸಿದ ಮೇಲೆ ಓಡಿದ ದೂರ" (Distance since codes cleared) ಅನ್ನುವ ಸಾಲು. ಕೋಡ್ ಅಂದರೆ ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಗುರುತು. ಈ ದೂರವನ್ನು ಎಂಜಿನಿನ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತಾನೇ ಲೆಕ್ಕ ಇಟ್ಟಿರುತ್ತದೆ, ಮೀಟರಿನ ಚಿಪ್ಪಿಗೂ ಇದಕ್ಕೂ ಸಂಬಂಧವಿಲ್ಲ. ಮೀಟರಿನಲ್ಲಿ 42,000, ಈ ಸಾಲಿನಲ್ಲಿ 61,000 ಅಂತಿದ್ದರೆ ಬೇರೆ ಸಾಕ್ಷಿಯೇ ಬೇಡ. ಈ ಲೆಕ್ಕ 65,535ಕ್ಕಿಂತ ಮೇಲೆ ಹೋಗುವುದಿಲ್ಲ, ಆ ಅಂಕಿಯೇ ಕಂಡರೆ "ಅದಕ್ಕಿಂತ ಹೆಚ್ಚು" ಅಂತ ಓದಿ. ಬದಲಿಗೆ 12 ಕಿ.ಮೀ., 30 ಕಿ.ಮೀ. ಅಂತ ಬಂದರೆ ಮೊನ್ನೆಯಷ್ಟೇ ಯಾರೋ ಕೋಡ್ ಅಳಿಸಿದ್ದಾರೆ. ಅದು ಮೀಟರ್ ತಿರುಗಿಸಿದ ಪುರಾವೆಯಲ್ಲ, ಸರ್ವಿಸಿನಲ್ಲೂ ಅಳಿಸುತ್ತಾರೆ, ಕೆಲವು ಗಾಡಿಗಳಲ್ಲಿ ಬ್ಯಾಟರಿ ತೆಗೆದರೂ ಹೋಗುತ್ತದೆ. ಯಾಕೆ ಅಳಿಸಿದ್ದು ಅಂತ ಕೇಳಿ ಮುಂದೆ ಹೋಗಿ.

ಕಂಪನಿ ಮಟ್ಟದ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಒಯ್ದರೆ ಇನ್ನೂ ಆಳಕ್ಕೆ ಹೋಗಬಹುದು. ಹಲವು ಗಾಡಿಗಳಲ್ಲಿ ಎಂಜಿನ್ ಇಸಿಯು, ಎಬಿಎಸ್, ಏರ್‌ಬ್ಯಾಗ್, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇವುಗಳಲ್ಲೂ ಕಿಲೋಮೀಟರ್ ದಾಖಲಾಗಿರುತ್ತದೆ. ಅಗ್ಗಕ್ಕೆ ಮಾಡಿದ ಕೆಲಸದಲ್ಲಿ ಮೀಟರ್ ಒಂದನ್ನೇ ತಿದ್ದಿರುತ್ತಾರೆ. ಹಳೇ ದೋಷದ ಕೋಡಿನ ಜೊತೆ "ಇಷ್ಟು ಕಿಲೋಮೀಟರಿನಲ್ಲಿ ಬಂತು" ಅಂತ ಇದ್ದು, ಆ ಅಂಕಿ ಈಗಿನ ಮೀಟರಿಗಿಂತ ದೊಡ್ಡದಿದ್ದರೆ ಮುಗಿಯಿತು. ಎಂಜಿನ್ ಓಡಿದ ಗಂಟೆ ಸಿಕ್ಕರೆ ಮೀಟರಿನ ಅಂಕಿಯನ್ನು ಅದರಿಂದ ಭಾಗಿಸಿ. ಊರು ಮತ್ತು ಹೆದ್ದಾರಿ ಕೂಡಿ ಗಂಟೆಗೆ 25ರಿಂದ 45 ಬರುವುದು ಸಹಜ. 11 ಅಂತ ಬಂದರೆ ಕಾರು ಸೈಕಲ್ಲಿನ ವೇಗದಲ್ಲಿ ಇಷ್ಟು ವರ್ಷ ಓಡಿದೆ ಅಂತ ನಂಬಬೇಕಾಗುತ್ತದೆ.

ಸ್ಕ್ಯಾನರಿನಲ್ಲಿ ಎಲ್ಲ ತಾಳೆಯಾದರೂ ಅದು ಗಾಡಿಗೆ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಚೆನ್ನಾಗಿ ಬಲ್ಲವರು ಎಲ್ಲ ಕಡೆಯೂ ತಿದ್ದುತ್ತಾರೆ. ಕಾಗದದ ತಾರೀಖಿಗೆ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೇ.

ಐದನೇ ಹಂತ: ಓಡಿಸಿ ಅಳೆಯುವುದು

ಮೀಟರ್ ಈಗ ಸರಿಯಾಗಿ ಎಣಿಸುತ್ತಿದೆಯೇ ಅಂತ ನೋಡಲು ಹುಮನಾಬಾದ್ ರಸ್ತೆ ಹಿಡಿಯಿರಿ. ರಾಷ್ಟ್ರೀಯ ಹೆದ್ದಾರಿಯ ಹಳದಿ ತಲೆಯ ಕಿಲೋಮೀಟರ್ ಕಲ್ಲಿನ ಹತ್ತಿರ ಟ್ರಿಪ್ ಮೀಟರ್ ಸೊನ್ನೆ ಮಾಡಿ, 10 ಕಲ್ಲು ದಾಟಿ ನೋಡಿ. ಕಲ್ಲು ಬಿದ್ದುಹೋಗಿದ್ದರೆ ಮೊಬೈಲ್ ಮ್ಯಾಪಿನ ದೂರ ಸಾಕು. 9.7ರಿಂದ 10.3ರ ಒಳಗೆ ಬಂದರೆ ಸರಿ. ದೊಡ್ಡ ಟೈರ್ ಹಾಕಿಸಿದ್ದರೆ ಸ್ವಲ್ಪ ಕಡಿಮೆ ತೋರಿಸುತ್ತದೆ. 7, 8 ಅಂತ ಬಂದರೆ ಅಥವಾ ನಡುನಡುವೆ ನಿಂತು ನಿಂತು ಏರಿದರೆ, ಮೀಟರ್ ಹಿಂದಿನ ವೈರಿಂಗಿನಲ್ಲಿ ಲೆಕ್ಕ ತಡೆಯುವ ಡಬ್ಬಿ ಕೂರಿಸಿದ್ದಾರೋ, ಸೆನ್ಸರ್ ತಂತಿ ಬಿಚ್ಚುವ ಅಭ್ಯಾಸ ಇತ್ತೋ ಅಂತ ಎಲೆಕ್ಟ್ರಿಷಿಯನ್ ಕೈಯಲ್ಲಿ ತೆಗೆಸಿ ನೋಡಿ. ಮೀಟರ್ ಸುತ್ತಲಿನ ಪ್ಲಾಸ್ಟಿಕ್ಕಿನ ಅಂಚಿನಲ್ಲಿ ಸ್ಕ್ರೂಡ್ರೈವರ್ ಮೀಟಿದ ಗುರುತು ಇದ್ದರೆ ಆಗಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಸುಳ್ಳು ಅಲಾರಂ

ಮೀಟರ್ ಕೆಟ್ಟು ಕಂಪನಿಯಲ್ಲೇ ಹೊಸದು ಹಾಕಿಸಿದ ಗಾಡಿಗಳೂ ಇವೆ. ಆಗ ಲೆಕ್ಕ ಸೊನ್ನೆಯಿಂದ ಶುರುವಾಗಿರುತ್ತದೆ. ಬಿಲ್ ಇದ್ದು, ಅದರಲ್ಲಿ ಹಳೇ ರೀಡಿಂಗ್ ಬರೆದಿದ್ದರೆ ಎರಡನ್ನೂ ಕೂಡಿಸಿ ನಿಜವಾದ ಓಟ ತೆಗೆಯಿರಿ, ಅದರಲ್ಲಿ ಮೋಸವಿಲ್ಲ. ಬಿಲ್ ಇಲ್ಲದ ಬರೀ ಬಾಯಿಮಾತನ್ನು ತಿರುಗಿಸಿದ ಮೀಟರಿನ ಲೆಕ್ಕಕ್ಕೇ ಹಾಕಿ. ಸರ್ವಿಸ್ ಸೆಂಟರಿನವರು ಒಂದು ಸೊನ್ನೆ ತಪ್ಪಾಗಿ ಒತ್ತಿರುವುದೂ ಉಂಟು: 31,200, 3,48,000, 38,900 ಅಂತ ಸಾಲಿದ್ದರೆ ನಡುವಿನದು ಬೆರಳಿನ ತಪ್ಪು.

ತಿರುಗಿಸಿದ್ದು ಖಚಿತವಾದರೆ

ಗಾಡಿ ಬಿಡುವುದು ಒಳ್ಳೆಯದು. ಬೆಲೆ ಇಳಿಸಿದ ಮಾತ್ರಕ್ಕೆ ಸರಿಹೋಗುವುದಿಲ್ಲ, ಯಾಕೆಂದರೆ ಮೀಟರಿನಲ್ಲಿ ಸುಳ್ಳು ಹೇಳಿದವನು ಆಕ್ಸಿಡೆಂಟಿನ ಬಗ್ಗೆ ನಿಜ ಹೇಳಿರುತ್ತಾನೆ ಅಂತ ನಂಬಲು ಕಾರಣವಿಲ್ಲ. ಆದರೆ ಈಗಿನ ಮಾಲೀಕನೂ ಮೋಸ ಹೋದವನೇ, ತಿರುಗಿಸಿದ್ದು ಅವನ ಹಿಂದಿನವನು ಅಂತ ದಾಖಲೆಯಿಂದಲೇ ತಿಳಿದರೆ, ಸಂಭವನೀಯ ಲೆಕ್ಕದ ಬೆಲೆಗೆ ಮಾತಾಡಬಹುದು.

ಹಳೇ ಗಾಡಿ ಮಾರುವ ವ್ಯಾಪಾರಿಗಳಿಗೆ 2023ರ ಏಪ್ರಿಲ್ 1ರಿಂದ ಕೇಂದ್ರದ ಹೊಸ ನಿಯಮ ಇದೆ. ಅವರು ಆರ್‌ಟಿಓದಿಂದ ಅಧಿಕೃತ ಪತ್ರ ಪಡೆದಿರಬೇಕು, ಗಾಡಿ ತಮ್ಮ ಕೈಗೆ ಬಂದದ್ದನ್ನು ಪೋರ್ಟಲಿನಲ್ಲಿ ತಿಳಿಸಬೇಕು, ಅದನ್ನು ಓಡಿಸಿದ ದೂರವನ್ನೂ ಒಳಗೊಂಡ ಟ್ರಿಪ್ ರಿಜಿಸ್ಟರ್ ಇಡಬೇಕು. ಅಧಿಕೃತ ಪತ್ರ ಇದೆಯೇ ಅಂತ ಕೇಳುವ ಹಕ್ಕು ನಿಮಗಿದೆ.

ಕೊಂಡ ಮೇಲೆ ಗೊತ್ತಾದರೆ, ಮಾರಿದವನು ವ್ಯಾಪಾರಿಯಾಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಊರಿನಲ್ಲೇ ದೂರು ಕೊಡಬಹುದು, ಹೈದರಾಬಾದ್ ವ್ಯಾಪಾರಿಯ ಮೇಲೂ ಕಲಬುರಗಿಯಲ್ಲಿ ಕೇಸು ನಡೆಯುತ್ತದೆ. ಗಡುವು ಎರಡು ವರ್ಷ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಮೊದಲು ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಖಾಸಗಿ ಮಾಲೀಕ ಬೇಕೆಂದೇ ಮೋಸ ಮಾಡಿದ್ದರೆ ಅದು ವಂಚನೆ, ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಕೆಳಗೆ ಪೊಲೀಸ್ ಠಾಣೆಯ ವಿಷಯ.

ಇದಕ್ಕೆಲ್ಲ ಕಾಗದ ಬೇಕು. ಆದ್ದರಿಂದ ಅಡ್ವಾನ್ಸ್ ಕೊಡುವ ದಿನವೇ ಮೀಟರಿನ ಫೋಟೋ ತೆಗೆಯಿರಿ. ರಸೀದಿಯಲ್ಲಿ ಗಾಡಿ ನಂಬರ್, ಚಾಸಿ ನಂಬರ್, ಅಂದಿನ ರೀಡಿಂಗ್ ಮತ್ತು "ಮೀಟರ್ ಬದಲಿಸಿಲ್ಲ, ತಿದ್ದಿಲ್ಲ" ಅನ್ನುವ ಒಂದು ಸಾಲು ಬರೆಸಿ ಸಹಿ ಹಾಕಿಸಿ. ಈ ಸಾಲು ಬರೆಯುವಾಗ ಪೆನ್ನು ನಿಂತರೆ ನೀವೂ ಅಲ್ಲಿಯೇ ನಿಲ್ಲಿ. ಮಾಲೀಕತ್ವ ವರ್ಗಾಯಿಸುವ ಫಾರಂ 29 ಮತ್ತು 30ಕ್ಕೆ ಸಹಿಯಾದ ಮೇಲೆ ಹೆಸರು ಬದಲಾವಣೆ ತಡ ಮಾಡಬೇಡಿ.

ಎಲ್ಲ ತಾಳೆಯಾಗಿ ಗಾಡಿ ಮನೆಗೆ ಬಂತೆನ್ನಿ, ಆಗಲೂ ಮೊದಲ ವಾರದಲ್ಲೇ ಆಯಿಲ್, ಫಿಲ್ಟರ್, ಕೂಲಂಟ್, ಬ್ರೇಕ್ ಆಯಿಲ್ ಬದಲಿಸಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆಗಿದ್ದು ಬೆಲ್ಟ್ ಬದಲಿಸಿದ ಬಿಲ್ ಕೈಗೆ ಸಿಗದಿದ್ದರೆ, ಮೀಟರ್ ಏನೇ ಹೇಳಲಿ, ಅದನ್ನೂ ಬದಲಿಸಿಬಿಡಿ. ಬೆಲ್ಟ್ ಓಡುವಾಗ ಹರಿದರೆ ಹಲವು ಎಂಜಿನ್ನುಗಳಲ್ಲಿ ವಾಲ್ವ್ ಪಿಸ್ಟನ್ನಿಗೆ ಬಡಿದು ಹೆಡ್ ಬಿಚ್ಚುವ ಖರ್ಚು ಬರುತ್ತದೆ. ಈ ಬದಲಾವಣೆಗಳ ಬಿಲ್ಲಿನ ಮೇಲೆ ಅಂದಿನ ತಾರೀಖು ಮತ್ತು ಕಿಲೋಮೀಟರ್ ಬರೆಸಿ ಗ್ಲೋವ್ ಬಾಕ್ಸಿನಲ್ಲಿಡಿ.